ಕದಿರೇಶನ ಹಿಂದೆ ಬರುವ ಹೆಜ್ಜೆ

ತಾಯಲೂರು
12-2-1979

ಚಿರಂಜೀವಿ ಕದಿರೇಶನಿಗೆ ನಿನ್ನ ಅಕ್ಕ ಅನಸೂಯ ಮಾಡುವ ಆಶೀರ್ವಾದಗಳು.

ನೀನು ಕಾರ್ಡಿನಲ್ಲಿ ಕೇಳಿರುವ ಟಪ್ಪಾಲು ಮುನೆಪ್ಪನ ಕಥೆಯನ್ನು ನಮಗೆ ಮೊದಲು ಹೇಳಿದವಳು ದೊಡ್ಡವೆಂಕಟಮ್ಮಜ್ಜಿ. ಹೇಳಿದ್ದು ನಿನಗೆ ಸೀತಾಳೆ ಸಿಡುಬು ಎದ್ದ ವರ್ಷ, ಕೆರೆ ಕೋಡಿ ಬಿದ್ದು ಊರೆಲ್ಲ ಮೀನು ಸಾರಿನ ವಾಸನೆ ಹೊಡೆಯುತ್ತಿದ್ದ ದಿನಗಳಲ್ಲಿ. ನೀನು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಮೈ ಕೆರೆದುಕೊಳ್ಳದಿರಲಿ ಎಂದು ಅಜ್ಜಿ ನಿನ್ನ ಎರಡು ಕೈಗಳನ್ನೂ ಮಡಿಲಲ್ಲಿ ಹಿಡಿದುಕೊಂಡು ಹೇಳುತ್ತಿದ್ದಳು. ನಾನು ಬಾಗಿಲಲ್ಲಿ ಕೂತು ಕೇಳಿಸಿಕೊಂಡೆ.

ಕಥೆ ಇಷ್ಟೇ. ಮಹಾರಾಜರ ಕಾಲದಲ್ಲಿ ಮುನೆಪ್ಪ ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಟಪ್ಪಾಲು ಚೀಲ ಹೊತ್ತು ಓಡುತ್ತಿದ್ದ. ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು. ಗೆಜ್ಜೆ ಸದ್ದು ಕೇಳಿದರೆ ಗಾಡಿಯವರು ಎತ್ತು ಪಕ್ಕಕ್ಕೆ ಎಳೆದು ದಾರಿ ಬಿಡುತ್ತಿದ್ದರು. ಒಂದು ಮಟಮಟ ಮಧ್ಯಾಹ್ನ, ದಾರಿಯಲ್ಲಿ ಒಂದು ನಾಯಿಯೂ ಇಲ್ಲದ ಹೊತ್ತಿನಲ್ಲಿ, ಅವನಿಗೆ ಹಿಂದೆ ಯಾರೋ ಓಡಿ ಬರುವ ಸದ್ದು ಕೇಳಿಸಿತು. ಅವನು ಜೋರಾಗಿ ಓಡಿದರೆ ಅದೂ ಜೋರಾಯಿತು. ನಿಧಾನವಾದರೆ ನಿಧಾನವಾಯಿತು. ಕೊನೆಗೆ ಮುನೆಪ್ಪ ಪಕ್ಕಕ್ಕೆ ಸರಿದು ನಿಂತ. ಹಿಂದಿನವನು ಮುಂದೆ ಹೋದ. ಮುನೆಪ್ಪ ಮನೆಗೆ ಬಂದು, ಕೈಕಾಲು ತೊಳೆದು, ಮುದ್ದೆ ಉಂಡು ಮಲಗಿದ.

ಇನ್ನು ಮೇಲೆ ಇಂಥದ್ದನ್ನೆಲ್ಲ ಕಾರ್ಡಿನಲ್ಲಿ ಬರೆಯಬೇಡ. ಇನ್‌ಲ್ಯಾಂಡಿಗೆ ಬರಗಾಲವೇ? ಪೋಸ್ಟ್‌ಮ್ಯಾನ್ ರಾಮಚಂದ್ರಪ್ಪ ಕಾರ್ಡನ್ನು ಟೀ ಅಂಗಡಿಯಲ್ಲಿ ಓದಿಯೇ ಮನೆಗೆ ತರುವುದು ನಿನಗೆ ಗೊತ್ತು. "ಏನಮ್ಮ ಅನ್ಸೂಯಮ್ಮ, ರೈಲ್ವೇನೋರು ಅಜ್ಜಿ ಕತೆ ಕೇಳ್ತಾವ್ರೆ, ತೊಟ್ಲು ಕಳಿಸ್ಬೇಕಾ?" ಎಂದು ನಗಾಡಿದ.

ಮದ್ರಾಸಿನ ಓಟದಲ್ಲಿ ಮೂಳೆ ಸೀಳಿದ ಕಾಲು ಹೇಗಿದೆ? ನೀನು ಊರು ಬಿಟ್ಟು ಒಂದು ವರ್ಷ ದಾಟಿತು. ಮಾಲೂರು ಏನು ಸಮುದ್ರದ ಆಚೆ ಇದೆಯೇ? ಒಂದು ಭಾನುವಾರ ಬಂದು ಹೋಗು. ಅಮ್ಮ ನಿನ್ನನ್ನು ಕೇಳಿದಳು. ನನ್ನನ್ನು ಕಟ್ಟಿಕೊಂಡ ಪುಣ್ಯಕ್ಕೆ ನಿಮ್ಮ ಮಾವನಿಗೆ ನಂಗಲಿಯಲ್ಲಿ ಟೊಮೇಟೊ ವ್ಯಾಪಾರ ಕುದುರಿದೆ.

ನಿನ್ನ ಅಕ್ಕ,
ಅನಸೂಯ


ಮಾಲೂರು
3-3-1979

ಪೂಜ್ಯ ಅಕ್ಕನಿಗೆ ಕದಿರೇಶನ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ.

ಕಾಲು ಚೆನ್ನಾಗಿದೆ. ಮತ್ತೆ ಓಡಲು ಶುರು ಮಾಡಿದ್ದೇನೆ. ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಹೆಚ್ಚಿಲ್ಲ. ಹೂವಿನ ಬುಟ್ಟಿ, ತರಕಾರಿ ಮೂಟೆ, ಒಮ್ಮೊಮ್ಮೆ ಕೋಳಿ ಪಂಜರ. ಡ್ಯೂಟಿ ಮುಗಿದ ಮೇಲೆ ಹೆಂಚಿನ ಕಾರ್ಖಾನೆಗಳ ಹಿಂದಿನ ಮಣ್ಣು ರಸ್ತೆಯಲ್ಲಿ ಓಡುತ್ತೇನೆ. ಕೆಂಪು ಧೂಳು ಮಂಡಿವರೆಗೂ ಹತ್ತುತ್ತದೆ. ಇಲ್ಲಿನ ಪೋರ್ಟರ್ ಆಂಜಿನಪ್ಪ, "ಸಾರ್ ಕಾಲೂ ಮಾಲೂರು ಹೆಂಚೂ ಒಂದೇ ಬಣ್ಣ" ಎನ್ನುತ್ತಾನೆ.

ಡಿಸೆಂಬರಿನಲ್ಲಿ ಕೋಲಾರದಲ್ಲಿ ಆಯ್ಕೆಯ ಓಟವಿದೆ. ಅದರಲ್ಲಿ ಮುಂದೆ ಬಂದರೆ ಮತ್ತೆ ರೈಲ್ವೆ ಟೀಮಿಗೆ ತೆಗೆದುಕೊಳ್ಳುತ್ತಾರೆ. ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ನನಗೆ ಕೆಲಸ ಕೊಟ್ಟಿದ್ದೇ ಓಡುತ್ತೇನೆಂದು. ಓಡದಿದ್ದರೂ ಸಂಬಳ ಬರುತ್ತದೆ, ಆದರೆ ಆಮೇಲೆ ನಾನು ಯಾರು ಎಂದು ಗೊತ್ತಾಗುವುದಿಲ್ಲ.

ಅಕ್ಕಾ, ಅಜ್ಜಿ ಹೇಳಿದ ಕಥೆಯ ಕೊನೆ ಅದಲ್ಲ. ಮುದ್ದೆ ಉಂಡು ಮಲಗಿದ್ದು ನನಗೆ ನೆನಪಿಲ್ಲ. ಕೈಯಲ್ಲಿ ಒಂದು ಕಾಗದವಿತ್ತು, ಅದು ನೆನಪಿದೆ. ಸರಿಯಾಗಿ ಯೋಚಿಸಿ ಬರೆ. ಸುಮ್ಮನೆ ಕೇಳುತ್ತಿದ್ದೇನೆ, ಬೇರೇನಿಲ್ಲ.

ಇಂತು,
ಕದಿರೇಶ


ತಾಯಲೂರು
20-3-1979

ಚಿ. ಕದಿರೇಶನಿಗೆ ಆಶೀರ್ವಾದಗಳು.

ಅಜ್ಜಿಯ ಕಥೆಯ ಹಿಂದೆ ಇಷ್ಟು ಬಿದ್ದಿದ್ದೀಯ ಎಂದರೆ ನಿನಗೆ ಊರಿನ ನೆನಪು ಹತ್ತಿದೆ ಎಂದೇ ಅರ್ಥ. ಒಂಟಿ ಕೋಣೆಯಲ್ಲಿ ಅನ್ನ ಬೇಯಿಸಿಕೊಂಡು ತಿನ್ನುವವರಿಗೆ ಬರುವ ಕಾಯಿಲೆ ಇದು. ಇದಕ್ಕೆ ಔಷಧ ನನ್ನ ಹತ್ತಿರ ಇದೆ. ಶ್ರೀನಿವಾಸಪುರದ ಕಡೆ ಒಂದು ಒಳ್ಳೆಯ ಹುಡುಗಿ ಇದ್ದಾಳೆ, ಅವಳ ತಂದೆಗೆ ಮಾವಿನ ತೋಪಿದೆ. ನಿಮ್ಮ ಮಾವ, "ಓಡೋನಿಗೆ ಹೆಣ್ ಕೊಡೋರು ಯಾರು, ನಿಂತ್ಕೊಳ್ಳೋನಿಗೆ ಕೊಡ್ತಾರೆ" ಎನ್ನುತ್ತಾರೆ. ಅವರ ಮಾತು ಬಿಡು. ನೀನು ಹೂಂ ಎಂದರೆ ನಾನು ಮುಂದುವರಿಸುತ್ತೇನೆ.

ಕಥೆಯ ಕೊನೆ ನಾನು ಬರೆದಿದ್ದೇ. ಕಾಗದ ಗೀಗದ ಏನೂ ಇರಲಿಲ್ಲ. ಜ್ವರದ ತಾಪದಲ್ಲಿ ನೀನು ಏನೋ ಕಂಡಿರಬೇಕು.

ಅಮ್ಮ ನಿನ್ನನ್ನು ಕೇಳಿದಳು.

ಅನಸೂಯ


ಮಾಲೂರು
9-8-1979

ಅಕ್ಕಾ,

ಐದು ತಿಂಗಳು ಬರೆಯಲಿಲ್ಲ. ಹೋದ ಕಾಗದದಲ್ಲಿ ಕ್ಷೇಮ ಎಂದು ಬರೆದಿದ್ದೆ. ಅದು ಸುಳ್ಳು. ಇದನ್ನು ಓದಿ ಒಲೆಗೆ ಹಾಕು.

ಓಡುವಾಗ ನನ್ನ ಹಿಂದೆ ಹೆಜ್ಜೆ ಕೇಳಿಸುತ್ತದೆ. ಕತ್ತಲಲ್ಲಲ್ಲ, ಬಿಸಿಲಲ್ಲೇ. ರಸ್ತೆಯಲ್ಲಿ ಯಾರೂ ಇರುವುದಿಲ್ಲ. ಮೊದಲು ಪ್ರತಿಧ್ವನಿ ಎಂದುಕೊಂಡೆ. ಆದರೆ ನನ್ನ ಈಗಿನ ಹೆಜ್ಜೆಗೆ ಒಂದು ಕುಂಟು ಇದೆ, ಎಡಗಾಲು ಸ್ವಲ್ಪ ತಡವಾಗಿ ಬೀಳುತ್ತದೆ. ಹಿಂದಿನದಕ್ಕೆ ಕುಂಟಿಲ್ಲ. ಹಗುರವಾಗಿ, ಒಂದೇ ಸಮನೆ ಬರುತ್ತದೆ. ಆ ಹೆಜ್ಜೆಯ ಗುರುತು ನನಗಿದೆ. ಮದ್ರಾಸಿನಲ್ಲಿ ಕಾಲು ಸೀಳುವ ಮುಂಚೆ ನಾನು ಹಾಗೆ ಓಡುತ್ತಿದ್ದೆ.

ನೀನು ಬರೆದಿದ್ದನ್ನು ನಂಬಿ ಪಕ್ಕಕ್ಕೆ ಸರಿದು ನಿಂತೆ. ಒಂದಲ್ಲ, ಎಷ್ಟೋ ಸಲ. ಅದು ಮುಂದೆ ಹೋಗಲಿಲ್ಲ. ನನ್ನ ಬೆನ್ನ ಹಿಂದೆಯೇ ನಿಂತಿತು. ಆಂಜಿನಪ್ಪ ದೂರದಿಂದ ನೋಡಿದ್ದಾನೆ. "ಯಾಕ್ಸಾರ್, ಯಾರೂ ಇಲ್ದೇ ಇದ್ರೂ ದಾರಿ ಬಿಡ್ತೀರ?" ಎಂದು ಕೇಳಿದ. ಕಾಲಿಗೆ ಮುಳ್ಳು ಚುಚ್ಚಿತು ಎಂದೆ.

ನಿದ್ದೆ ಇಲ್ಲ. ಗೂಡ್ಸ್ ಗಾಡಿ ಬರುವಾಗ ಪ್ಲಾಟ್‌ಫಾರಂ ಅಂಚಿನಲ್ಲಿ ಕೆಲಸವಿದ್ದರೆ ನಾನು ಹೋಗುವುದಿಲ್ಲ, ಆಂಜಿನಪ್ಪನನ್ನು ಕಳಿಸುತ್ತೇನೆ. ಏಕೆ ಎಂದು ಬರೆಯಲಾರೆ, ನೀನು ತಿಳಿದುಕೋ.

ಇನ್ನೊಂದು ಮಾತು. ಎರಡು ವರ್ಷದ ಹಿಂದೆ ಮದ್ರಾಸಿನಿಂದ ಬಂದು ರೇಷ್ಮೆ ಹುಳು ಮನೆಯ ಪಕ್ಕದ ಕೋಣೆಯಲ್ಲಿ ನಾನು ಬಿದ್ದುಕೊಂಡಿದ್ದೆನಲ್ಲ, ಆಗ ಅಮ್ಮ ಬಾಗಿಲಿಗೆ ಬೇವು ಕಟ್ಟಿದಳು. ಕಿಟಕಿಗೆ ಗೋಣಿ ಹೊದಿಸಿದಳು. ತಟ್ಟೆಯನ್ನು ಹೊಸಿಲ ಹೊರಗೆ ಇಟ್ಟು ಹೋಗುತ್ತಿದ್ದಳು. ನೀವು ಬಂದರೆ, "ಯಾರೂ ಅವ್ನತ್ರ ಹೋಗ್ಬೇಡಿ, ಮಾತಾಡಿಸ್ಬೇಡಿ" ಎಂದು ಪಿಸುಗುಟ್ಟುತ್ತಿದ್ದಳು. ಗೋಡೆಯ ಆಚೆ ಹುಳು ಸೊಪ್ಪು ಮೇಯುವ ಸದ್ದು, ಮಳೆ ಬಂದ ಹಾಗೆ. ಈಚೆ ನಾನು. ಆ ಮನೆಯಲ್ಲಿ ನನ್ನೊಬ್ಬನಿಗೆ ಮಾತು ಇರಲಿಲ್ಲ. ನಾನು ಹೊರಟ ದಿನ ಅಮ್ಮ ಹಿತ್ತಿಲಲ್ಲಿ ಸೊಪ್ಪು ಕತ್ತರಿಸುತ್ತಿದ್ದಳು. ನನ್ನ ಕೈಯಲ್ಲಿ ಪೆಟ್ಟಿಗೆ ನೋಡಿದಳು. ತಲೆ ತಗ್ಗಿಸಿ ಮತ್ತೆ ಕತ್ತರಿಸಿದಳು. ಬಸ್ಸು ಬರುವವರೆಗೂ ನಾನು ಹಿಂತಿರುಗಿ ನೋಡುತ್ತಲೇ ಇದ್ದೆ. ಯಾರೂ ಬರಲಿಲ್ಲ.

ಓಡದ ಮಗ ಅವಳಿಗೆ ಇಷ್ಟು ಅಸಹ್ಯವಾದನೇ? ಇದನ್ನು ಕೇಳಿ ಬರೆ. ಕಥೆಯ ಕೊನೆಯನ್ನೂ ಬರೆ.

ಕದಿರೇಶ


ತಾಯಲೂರು
25-8-1979

ಕದಿರೇಶಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಲೆಗೆ ಹಾಕಿದೆ. ನಿಮ್ಮ ಮಾವನಿಗೆ ಅರ್ಧ ಮಾತ್ರ ಹೇಳಿದೆ. ಅವರು ಮುಳಬಾಗಿಲಿನ ದರ್ಗಾಕ್ಕೆ ಹೋಗಿ ತಾಯತ ತಂದಿದ್ದಾರೆ, ಇದರ ಜೊತೆ ಕಳಿಸಿದ್ದೇನೆ. ಬಲಗೈಗೆ ಕಟ್ಟಿಕೋ. ಮಧ್ಯಾಹ್ನದ ಹೊತ್ತು ಓಡಬೇಡ. ಓಡುವುದನ್ನೇ ಬಿಟ್ಟುಬಿಡು. ನಮಗೆ ಟೀಮು ಬೇಡ, ನೀನು ಇದ್ದರೆ ಸಾಕು. ಪ್ಲಾಟ್‌ಫಾರಂ ವಿಷಯ ಇನ್ನೊಮ್ಮೆ ಬರೆಯಬೇಡ, ನನಗೆ ಓದಲು ಆಗುವುದಿಲ್ಲ.

ಕೋಣೆಯ ಮಾತು ಹಳೆಯದು. ಅಮ್ಮನಿಗೆ ಅದನ್ನು ಕೇಳುವ ಧೈರ್ಯ ನನಗಿಲ್ಲ. ಕಥೆಯ ಕೊನೆ ನನಗೆ ಆಣೆಗೂ ನೆನಪಿಲ್ಲ.

ಅಮ್ಮ ನಿನ್ನನ್ನು ಕೇಳಿದಳು.

ಅನಸೂಯ


ಮಾಲೂರು
17-10-1979
(ಕಾರ್ಡು)

ಅಕ್ಕಾ, ಬೇಕೆಂದೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ರಾಮಚಂದ್ರಪ್ಪನವರೇ, ನೀವೂ ಓದಿ, ಗಟ್ಟಿಯಾಗಿ ಓದಿ. ನನ್ನ ಮನಸ್ಸಿಗೆ ಕಾಯಿಲೆಯಾಗಿದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ವಾರಕ್ಕೊಮ್ಮೆ ಹೋಗುತ್ತಿದ್ದೇನೆ. ಆಂಜಿನಪ್ಪನಿಗೆ ಎಲ್ಲ ಹೇಳಿದೆ. "ನಮ್ ಭಾವನ್ನೂ ಅಲ್ಲಿಗೇ ಕರ್ಕೊಂಡೋಗಿದ್ವಿ ಸಾರ್, ಅವ್ರೇನೂ ಕಚ್ಚಲ್ಲ" ಎಂದು ಅವನೇ ಜೊತೆಗೆ ಬಂದ. ಮಾತ್ರೆ ಕೊಟ್ಟಿದ್ದಾರೆ. ಓಡುವುದನ್ನು ಬಿಡಬೇಡ ಎಂದಿದ್ದಾರೆ. ಮುಚ್ಚಿಟ್ಟುಕೊಂಡು ಓಡಲು ನನ್ನಿಂದ ಆಗುತ್ತಿಲ್ಲ, ಅದಕ್ಕೇ ಈ ಕಾರ್ಡು. ತಾಯತ ಕಟ್ಟಿಕೊಂಡಿದ್ದೇನೆ. ಅಮ್ಮ ಕೇಳದಿದ್ದರೆ, ಕೇಳಿದಳು ಎಂದು ಇನ್ನು ಬರೆಯಬೇಡ.
ಕದಿರೇಶ


ತಾಯಲೂರು
28-10-1979

ಕದಿರೇಶಾ,

ನಿನಗೆ ಬುದ್ಧಿ ಇದೆಯೇ ಎಂದು ಕೇಳಬೇಕೆಂದು ಕೂತವಳು ಆ ಸಾಲನ್ನು ಹೊಡೆದುಹಾಕುತ್ತಿದ್ದೇನೆ.

ಕಾರ್ಡು ಬಂದಾಗ ರಾಮಚಂದ್ರಪ್ಪ ಟೀ ಅಂಗಡಿಯಲ್ಲಿ ಎಂದಿನ ಹಾಗೆ ಓದಲು ಶುರು ಮಾಡಿದ. ತನ್ನ ಹೆಸರು ಬಂದ ಕಡೆ ಬಾಯಿ ಕಟ್ಟಿಹೋಯಿತಂತೆ. ಇಷ್ಟು ವರ್ಷದಲ್ಲಿ ಕಾರ್ಡೊಂದು ಅವನನ್ನೇ ಮಾತಾಡಿಸಿದ್ದು ಅದೇ ಮೊದಲು. ಮಡಚಲು ಬಾರದ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಳ್ಳಲು ಹೋದ. ಪಕ್ಕದಲ್ಲಿದ್ದ ಎಲ್ಲಪ್ಪ ಮಾವ ಕಿತ್ತುಕೊಂಡು ಉಳಿದದ್ದನ್ನು ಓದಿದ. ನಾನು ಕೊಡ ಹೊತ್ತು ಬರುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. "ಓಡೀ ಓಡೀ ತಲೆಗೆ ರಕ್ತ ಏರೈತೆ, ಬಿಡಮ್ಮ, ನಿಂಬೆಹಣ್ಣು ಉಜ್ಜಿದ್ರೆ ಇಳೀತದೆ" ಎಂದ ಎಲ್ಲಪ್ಪ ಮಾವ. ನಿಮ್ಮ ಮಾವ ನಂಗಲಿಯಿಂದ ಬಂದವರು ಅಂಗಳದಲ್ಲೇ ನಿಂತು ಕೂಗಾಡಿದರು. "ಸುಳ್ಳು ಅಂತ ಬರಿ ಅವನ್ಗೆ. ಇನ್ನೊಂದ್ ಕಾರ್ಡ್ ಹಾಕಿ ಸುಳ್ಳು ಅಂತ ಹೇಳ್ಲಿ."

ಅಮ್ಮ ಹುಳು ಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಸೊಪ್ಪು ಕತ್ತರಿಸುವ ಕತ್ತಿ ಹಾಗೇ ಇತ್ತು.

"ಇನ್ನೊಂದ್ಸಲ ಓದೇ" ಎಂದಳು. ಓದಿದೆ. "ಕೊನೇದು ಓದು" ಎಂದಳು. ಅದನ್ನೂ ಓದಿದೆ. ಕದಿರೇಶಾ, ಅಮ್ಮ ನಿನ್ನನ್ನು ಕೇಳಿದಳು ಎಂದು ನಾನು ಬರೆದದ್ದೆಲ್ಲ ನಾನೇ ಬರೆದದ್ದು. ಎರಡು ವರ್ಷದಿಂದ ಅವಳು ನಿನ್ನ ಹೆಸರೇ ಎತ್ತಿರಲಿಲ್ಲ. ನಾನು ಎತ್ತಿದರೆ ಕೈ ಅಡ್ಡ ಮಾಡಿ ತಡೆಯುತ್ತಿದ್ದಳು. ಅವಳಿಗೆ ನಿನ್ನ ಮೇಲೆ ಕೋಪವೆಂದು ನಾನೂ ತಿಳಿದಿದ್ದೆ.

ನಿಮ್ಮ ಮಾವ ಮತ್ತೆ ಬಾಯಿ ತೆರೆದರು. "ಚನ್ನರಾಯಾ, ನೀನ್ ಸುಮ್ಕಿರೋ" ಎಂದಳು. ತನ್ನ ತಮ್ಮ ತನಗೇ ಅಳಿಯನಾದ ಮೇಲೆ ಅವಳು ಅವರನ್ನು ಹೆಸರು ಹಿಡಿದು ಗದರಿದ್ದು ನಾನು ಕಂಡಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪೇಪರ್ ತಗೋ. ನಾನ್ ಹೇಳ್ದಂಗೇ ಬರಿ, ನಿನ್ ಬುದ್ಧಿ ಸೇರಿಸ್ಬೇಡ" ಎಂದಳು. ಇಲ್ಲಿಂದ ಅವಳ ಮಾತು.

"ನಾಯ್ನಾ ಕದಿರೇಶಾ, ನಾನು ನಿನ್ನ ಕೇಳ್ಲಿಲ್ಲ. ಕೇಳ್ಬಾರ್ದು ಅಂತಾನೇ ಕೇಳ್ಲಿಲ್ಲ. ನೀನ್ ಮದ್ರಾಸಿಂದ ಬಂದಾಗ ತಿನ್ತಿರ್ಲಿಲ್ಲ, ಅಲ್ಲಾಡ್ತಿರ್ಲಿಲ್ಲ, ತಲೆ ಎತ್ಕೊಂಡು ಗೋಡೆ ನೋಡ್ತಾ ಕೂತಿದ್ದೆ. ನಂಗೆ ಹುಟ್ಟಿದಾಗಿಂದ ಗೊತ್ತಿರೋದು ಹುಳ ಒಂದೇ. ಹುಳ ಹಂಗೆ ಮೇವು ಬಿಟ್ಟು ತಲೆ ಎತ್ಕೊಂಡು ಕೂತ್ರೆ ಚರ್ಮ ಬಿಡಕ್ಕೆ ಕೂತೈತೆ ಅಂತ. ಆವಾಗ ಸೊಪ್ಪು ಹಾಕ್ಬಾರ್ದು, ಮುಟ್ಬಾರ್ದು, ತಟ್ಟೆ ಅಲ್ಲಾಡಿಸ್ಬಾರ್ದು, ಬೆಳಕು ಬಿಡ್ಬಾರ್ದು. ಕೆಣಕಿದ್ರೆ ಹಳೇ ಚರ್ಮದಾಗೇ ಸಿಕ್ಕಾಕ್ಕೊಂಡು ಸತ್ತೋಗ್ತದೆ. ಸುಮ್ನೆ ಬಿಟ್ರೆ ತಾನೇ ಕಳಚ್ಕೊಂಡು ಮೊದ್ಲಿಗಿಂತ ದೊಡ್ದಾಗಿ ಎದ್ದು ಮೇವು ಕೇಳ್ತದೆ. ನಿಂಗೂ ಹಂಗೇ ಅಂದ್ಕೊಂಡೆ. ಬೇವು ಕಟ್ದೆ, ಗೋಣಿ ಹೊದಿಸ್ದೆ, ಯಾರೂ ಮಾತಾಡಿಸ್ದಂಗೆ ಬಾಗ್ಲು ಕಾದೆ. ನೀನ್ ಉಣ್ಣದೇ ಬಿಟ್ಟ ತಟ್ಟೆ ಎತ್ಕೊಂಡು ಬರೋವಾಗ, ಇನ್ನೇನು ಎದ್ದೇಳ್ತಾನೆ, ಇನ್ನೇನು ಎದ್ದೇಳ್ತಾನೆ ಅಂತ ನಂಗ್ ನಾನೇ ಹೇಳ್ಕೊಳ್ತಿದ್ದೆ.

"ಒಂದಿನ ನೀನ್ ಪೆಟ್ಗೆ ಹಿಡ್ಕೊಂಡು ಎದ್ ಬಂದೆ. ನಂಗೆ ಎದೆ ಒಡೆಯೋಷ್ಟು ಸಂತೋಷ. ಕೂಗಿದ್ರೆ ಮತ್ತೆ ಹೋಗಿ ಮಲಗ್ಬಿಡ್ತಾನೇನೋ ಅಂತ ತಲೆ ಬಗ್ಸಿಬಿಟ್ಟೆ. ನೀನ್ ಅತ್ಲಾಗ್ ಹೋಗಿದ್ದೇ ಕೇರಿ ಹೆಂಗಸ್ರಿಗೆಲ್ಲ ಎಲೆಅಡಿಕೆ ಹಂಚ್ದೆ, ನನ್ಮಗ ಎದ್ದ ಅಂತ. ಆಮೇಲೂ ನಿನ್ ಹೆಸ್ರು ಎತ್ಲಿಲ್ಲ. ಹೊಸಾ ಚರ್ಮ ಎಳೇದಿರ್ತದೆ, ದೃಷ್ಟಿ ತಾಕ್ಬಾರ್ದು ಅಂತ.

"ಹುಳಕ್ಕೆ ಬಾಯಿಲ್ಲ, ಸರಿ. ನಿಂಗೆ ಬಾಯಿತ್ತಲ್ಲೋ, ಏನಾಗೈತಮ್ಮಾ ನಂಗೆ ಅಂತ ಕೇಳ್ಬಾರ್ದಿತ್ತಾ? ನಂಗೂ ಇತ್ತು ಬಾಯಿ."

ಇಲ್ಲಿಗೆ ಅವಳ ಮಾತು ಮುಗಿಯಿತು. ನಾನು ಮುನೆಪ್ಪನ ಕಥೆಯ ವಿಷಯ ಅವಳಿಗೆ ಹೇಳಿದೆ. ಕದಿರೇಶಾ, ಕೊನೆ ನನಗೆ ನೆನಪಿತ್ತು. ಹಿಂದಿನವನ ಮುಖ ಮುನೆಪ್ಪನದೇ ಆಗಿತ್ತು, ಅವನ ಕೈಯಲ್ಲಿ ಮುನೆಪ್ಪನ ಹೆಸರಿಗೇ ಬಂದ ಕಾಗದವಿತ್ತು, ತೆಗೆದುಕೊಂಡ ಮುನೆಪ್ಪ ಮತ್ತೆ ಸಿಗಲಿಲ್ಲ, ಚೀಲ ಮಾತ್ರ ಹುಣಸೇಮರಕ್ಕೆ ನೇತಾಡುತ್ತಿತ್ತು ಎಂದು ಅಜ್ಜಿ ಹೇಳಿದ್ದಳು. ನೀನು ಒಂಟಿಯಾಗಿ ಓಡುವವನು, ಹೆದರುತ್ತೀಯ ಎಂದು ಅದನ್ನು ಬರೆಯಲಿಲ್ಲ.

ಅಮ್ಮ ಕೇಳಿ ಬಾಯಿ ಮೇಲೆ ಸೆರಗು ಇಟ್ಟುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. "ನಮ್ಮತ್ತೆ ಅದನ್ನ ಕಟ್ಟಿದ್ದು ನೀವ್ ಬಿಸ್ಲಲ್ಲಿ ರಸ್ತೆಗೆ ಹೋಗ್ಬಾರ್ದು ಅಂತ. ಮುನೆಪ್ಪ ಎಲ್ಲಿ ಸತ್ತ? ನಾನ್ ಚಿಕ್ಕೋಳಿದ್ದಾಗ ಶ್ರೀನಿವಾಸ್ಪುರದತ್ರ ಮಾವಿನ ತೋಪು ಕಾಯ್ತಿದ್ದ. ಹಲ್ಲಿಲ್ಲದ ಮುದುಕ. ಕಾಗ್ದಾನೂ ಇಲ್ಲ, ಏನೂ ಇಲ್ಲ. ಹಿಂದೆ ಹೆಜ್ಜೆ ಕೇಳ್ತಿತ್ತಂತೆ, ಅದಂತೂ ನಿಜ. ಅದನ್ನ ಸಿಕ್ಕಸಿಕ್ಕೋರಿಗೆಲ್ಲ ಹೇಳೋನು. ಕಾಯಿ ಕದಿಯಕ್ ಹೋದ್ರೆ ನಮ್ಮನ್ನೂ ಹಿಡಿದು ಕೂರಿಸ್ಕೊಂಡು ಅದನ್ನೇ ಹೇಳೋನು. ಹೊಡೆದಿದ್ರೇ ವಾಸಿ ಇತ್ತು."

ಅಮ್ಮ ಹೇಳಿದಂತೆಯೇ ಬರೆದಿದ್ದೇನೆ. ನಿಮ್ಮ ಮಾವ ಕಾಗದವನ್ನು ಅಂಟಿಸಲು ಅನ್ನದ ಅಗಳು ತಂದುಕೊಟ್ಟರು. ಸುಳ್ಳು ಎಂದು ಬರೆಯಿಸುವ ಮಾತು ಮತ್ತೆ ಎತ್ತಲಿಲ್ಲ.

ನಿನ್ನ ಅಕ್ಕ,
ಅನಸೂಯ


ಮಾಲೂರು
6-1-1980

ಅಕ್ಕನಿಗೂ ಅಮ್ಮನಿಗೂ ನಮಸ್ಕಾರಗಳು.

ಈ ಕಾಗದವನ್ನು ಬರೆದು ಬರೆದು ಹರಿದೆ. ಎರಡು ವರ್ಷ ನಾನು ಅಮ್ಮನ ಮೇಲೆ ಹೊತ್ತುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕು ಎಂದು ತಿಳಿಯಲಿಲ್ಲ. ಸಿಟ್ಟು ಹೋದ ಜಾಗ ಖಾಲಿ ಬಿದ್ದಿದೆ, ಅದೂ ಒಂದು ಥರ ನೋಯುತ್ತದೆ. ಅಮ್ಮಾ, ಆ ಕೋಣೆಯಲ್ಲಿ ನೀನು ಒಂದು ಸಲ ಬಾಗಿಲು ತಳ್ಳಿದ್ದರೆ ನಾನು ಎಲ್ಲ ಹೇಳುತ್ತಿದ್ದೆ ಎಂದು ಬರೆಯಲು ಹೋದೆ. ನಿಜವಾಗಿ ಹೇಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಅದನ್ನು ಬಿಡು.

ಕೋಲಾರದ ಓಟ ಆಯಿತು. ಓಟದ ಹಿಂದಿನ ದಿನ ಕೋಚ್ ಕೋದಂಡರಾಮಪ್ಪನವರ ಹತ್ತಿರ ಹೋದೆ.

"ಸಾರ್, ಓಡೋವಾಗ ನಂಗೆ ಹಿಂದೆ ಹೆಜ್ಜೆ ಕೇಳ್ಸುತ್ತೆ."

"ಓಟ ಅಂದ್ಮೇಲೆ ಹಿಂದೆ ಯಾರಾದ್ರೂ ಬರ್ತಾನೇ ಇರ್ತಾರಲ್ಲಯ್ಯ."

"ಯಾರೂ ಇಲ್ದಾಗ್ಲೂ ಕೇಳ್ಸುತ್ತೆ ಸಾರ್. ಆಸ್ಪತ್ರೆಗೆ ಹೋಗ್ತಿದೀನಿ. ಮಾತ್ರೆ ತಗೋತಿದೀನಿ."

ಅವರು ತಮ್ಮ ಸೀಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. "ಇದನ್ನ ನೀನು ಓಟ ಮುಗಿಸ್ಕೊಂಡು ಹೇಳ್ಬಹುದಾಗಿತ್ತು."

"ಮುಗಿಸ್ಕೊಂಡು ಹೇಳಿದ್ರೆ ಅದು ಮೋಸ ಆಗುತ್ತೆ ಸಾರ್."

"ನಿನ್ನ ತೆಗೆದ್ಹಾಕ್ಬಹುದು, ಗೊತ್ತಾ?"

"ಗೊತ್ತು ಸಾರ್."

"ಸರಿ. ಬೆಳಿಗ್ಗೆ ಬೇಗ ಬಾ. ಕಾಲಿಗೆ ಎಣ್ಣೆ ಹಚ್ಕೊಂಡ್ ಬಾ" ಎಂದರು. ಅಷ್ಟೇ.

ಓಟದಲ್ಲಿ ಬೆಟ್ಟದ ಬುಡದ ತಿರುವಿನವರೆಗೆ ಏನೂ ಇರಲಿಲ್ಲ. ಅಲ್ಲಿ ಹುಡುಗರು ದೂರ ದೂರ ಚದುರಿಹೋದರು, ಬಂಡೆಗಳ ನಡುವೆ ನಾನೊಬ್ಬನೇ ಆದೆ. ಆಗ ಬಂತು. ಹಗುರವಾಗಿ, ಒಂದೇ ಸಮನೆ. ಬೇರೆ ದಿನವಾದರೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆ. ಅವತ್ತು ನಾನು ಜೋರಾಗಿ ಮಾತಾಡಿದೆ. ಮುನೆಪ್ಪನ ಹಾಗೆ. ಕಾಲು ಸೀಳಿದ್ದು, ಮದ್ರಾಸು, ಕೋಣೆ, ಗೋಣಿ, ಎಲ್ಲವನ್ನೂ ಬಂಡೆಗಳಿಗೆ ಹೇಳುತ್ತಾ ಓಡಿದೆ. ಉಸಿರು ಹಾಳಾಯಿತು, ಮಾತಾಡುತ್ತಾ ಓಡುವವನನ್ನು ಯಾವ ಕೋಚ್ ಕೂಡ ಮೆಚ್ಚುವುದಿಲ್ಲ. ಹೆಜ್ಜೆ ನಿಲ್ಲಲಿಲ್ಲ. ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಬೆನ್ನಿಗೆ ಉಸಿರು ತಾಗಿತು. ನಾನು ನೋಡಲಿಲ್ಲ. ನೀಲಿ ಬನಿಯನ್ನಿನ ಹುಡುಗನೊಬ್ಬ ನನ್ನನ್ನು ದಾಟಿ ಮುಂದೆ ಹೋದ. ಹೋಗುವಾಗ, "ಯಾರ್ ಹತ್ರ ಮಾತಾಡ್ತಿದ್ದೀಯಣ್ಣಾ?" ಎಂದು ಕೇಳಿದ. ಅವನ ಬೆವರು ನನ್ನ ತೋಳಿನ ಮೇಲೆ ಬಿತ್ತು. ಯಾರೋ ನನ್ನನ್ನು ಹಿಂದೆ ಹಾಕಿದ್ದಕ್ಕೆ ನನಗೆ ಸಂತೋಷವಾದದ್ದು ಜೀವನದಲ್ಲಿ ಅದೊಂದೇ ಸಲ.

ಆದರೆ ಸುಳ್ಳು ಬರೆಯುವುದಿಲ್ಲ. ಅವನು ಹೋದ ಮೇಲೂ ನನ್ನ ಹಿಂದೆ ಹೆಜ್ಜೆ ಇತ್ತು. ಗುರಿ ಮುಟ್ಟಿ ನಾನು ನಿಂತೆ. ಅದು ಇನ್ನೂ ಸ್ವಲ್ಪ ದೂರ ಓಡಿಬಂದು ಆಮೇಲೆ ನಿಂತಿತು.

ಟೀಮಿಗೆ ತೆಗೆದುಕೊಂಡವರಲ್ಲಿ ನಾನೇ ಕೊನೆಯವನು. ತೆಗೆದುಕೊಂಡರು. ಕೋದಂಡರಾಮಪ್ಪನವರು ಹೆಸರು ಬರೆಯುವಾಗ, "ಮಾತ್ರೆ ಮರೀಬೇಡ" ಎಂದು ಎಲ್ಲರ ಎದುರಿಗೇ ಹೇಳಿದರು. ಕೆಲವರು ನಕ್ಕರು. ಒಬ್ಬ ಮಾತ್ರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದು, ಯಾವ ಮಾತ್ರೆ ಎಂದು ಕೇಳಿದ.

ಊರಿಗೆ ಬರುತ್ತೇನೆ. ಒಂದು ಭಾನುವಾರ ಬಂದು ಅಂದೇ ಸಂಜೆ ಹೊರಡುತ್ತೇನೆ. ಆ ಕೋಣೆಯಲ್ಲಿ ಮಲಗಲು ನನಗೆ ಇನ್ನೂ ಆಗುವುದಿಲ್ಲ.

ಕದಿರೇಶ


ತಾಯಲೂರು
10-3-1980

ಪ್ರೀತಿಯ ತಮ್ಮ ಕದಿರೇಶನಿಗೆ,

ನಿನ್ನೆ ಸಂಜೆ ನೀನು ಬಸ್ಸು ಹತ್ತಿದೆ, ಇವತ್ತೇ ಬರೆಯುತ್ತಿದ್ದೇನೆ. ನೀನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಾಗಬೇಕು.

ಡೈರಿ ಜಗುಲಿಯ ಮೇಲೆ ನೀನು ನಿನ್ನ ಕಾಯಿಲೆ, ಆ ಕೋಣೆ, ಎಲ್ಲ ಹೇಳುತ್ತಿದ್ದಾಗ ಜನ ಹಾಲು ಹಾಕಿ ಹೊರಡದೆ ನಿಂತಿದ್ದನ್ನು ನೀನೇ ನೋಡಿದೆ. ಮೆಡಲು ನೋಡಲು ಬಂದವರು ಅವರು. ನೀನು ಜೇಬಿನಿಂದ ಮಾತ್ರೆಯ ಪೊಟ್ಟಣ ತೆಗೆದು ತೋರಿಸಿದಾಗ, "ಮೆಡ್ಲು ತೋರ್ಸಪ್ಪ ಅಂದ್ರೆ ಮಾತ್ರೆ ತೋರಿಸ್ತಾನಲ್ಲ" ಎಂದು ಎಲ್ಲಪ್ಪ ಮಾವ ನಗಿಸಿದ್ದೂ ನಿನಗೆ ಗೊತ್ತು. ಪ್ಲಾಟ್‌ಫಾರಂ ಅಂಚಿನ ಮಾತನ್ನು ನೀನು ನನಗೆ ಅರ್ಧವೇ ಬರೆದಿದ್ದೆ, ಅವರ ಎದುರಿಗೆ ಪೂರ್ತಿ ಹೇಳಿದೆ. ಆಗ ಅವನೂ ನಗಲಿಲ್ಲ. ನಿನ್ನ ಬಸ್ಸು ಹೋದ ಮೇಲೆ ಒಬ್ಬರೂ ಒಬ್ಬರ ಮುಖ ನೋಡಲಿಲ್ಲ. ಕ್ಯಾನು ಎತ್ತಿಕೊಂಡು ಮನೆಗೆ ಹೋದರು. ಇಷ್ಟು ಹೇಳಿದವನಿಗೆ ಒಂದು ಮಾತು ಇಲ್ಲವಲ್ಲ, ಎಂಥ ಜನ ಎಂದು ನನಗೆ ಹೊಟ್ಟೆ ಉರಿಯಿತು.

ಇವತ್ತು ಬೆಳಿಗ್ಗೆ ಹಾಲು ಹಾಕಲು ಹೋದೆ. ನಿನ್ನ ಸುದ್ದಿ ಯಾರೂ ಎತ್ತಲಿಲ್ಲ. ಹಸು, ಹಿಂಡಿ, ಸೊಪ್ಪಿನ ರೇಟು. ನಾನು ಹಿಂತಿರುಗುವಾಗ ಎಲ್ಲಪ್ಪ ಮಾವ ಹುಣಸೇಮರದ ಹತ್ತಿರ ನಿಂತಿದ್ದ.

"ಅನ್ಸೂಯಾ, ಆ ಹೆಜ್ಜೆ ಈಗ್ಲೂ ಕೇಳ್ಸುತ್ತಂತಾ ಅವನ್ಗೆ?"

"ಕೇಳ್ಸುತ್ತಂತೆ ಮಾವ. ಕಮ್ಮಿ ಆಗೈತಂತೆ."

"ಕೇಳ್ಸಿದ್ರೂ ಓಡ್ತಾನಾ?"

"ಓಡ್ತಾನೆ."

"ಹೂಂ" ಎಂದ. ಬಾವಿಗೆ ಬಿದ್ದು ಹೋದ ತನ್ನ ತಂಗಿಯ ಹೆಸರು ಹೇಳಿದ. ಆ ಬಾವಿಯ ಕಡೆ ಹೋಗದೆ ಸುತ್ತಿ ಬಳಸಿ ಹೊಲಕ್ಕೆ ಹೋಗುತ್ತೇನೆ, ಸೊಂಟ ನೋವು ಎಂದು ಎಲ್ಲರಿಗೂ ಹೇಳುತ್ತೇನೆ ಎಂದ. ಖಾಲಿ ಕ್ಯಾನನ್ನು ಮರದ ಕೆಳಗೇ ಬಿಟ್ಟು ಹೋದ. ನಾನು ಕೂಗಿ ಕರೆಯಬೇಕಾಯಿತು.

ಮನೆಗೆ ಬಂದರೆ ರಾಮಚಂದ್ರಪ್ಪ ಹಿತ್ತಿಲ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕಾಗದವಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಗೆ ಕೋಲಾರದಲ್ಲಿ ಯಾವ ಬಸ್ಸು ಹತ್ತಬೇಕು, ಇಳಿದು ಯಾರನ್ನು ಕೇಳಬೇಕು ಎಂದ. ಯಾರಿಗೆ ಎಂದು ನಾನು ಕೇಳಲಿಲ್ಲ. ನೀನು ಹೇಳಿದ್ದನ್ನು ಹಾಗೇ ಹೇಳಿದೆ. ಬರೆದುಕೊಡಲೇ ಎಂದರೆ, "ಬೇಡಮ್ಮ, ಬರೆದಿದ್ದನ್ನ ಯಾರಾದ್ರೂ ಓದ್ತಾರೆ" ಎಂದ. ನನಗೆ ನಗು ಬಂತು, ಅವನಿಗೂ ಬಂತು.

ಬಚ್ಚಮ್ಮ ಮಾತ್ರ ಹಾಲಿಗೂ ಬಂದಿರಲಿಲ್ಲ, ನೀರಿಗೂ ಬಂದಿರಲಿಲ್ಲ. ನಿನ್ನೆ ಕಂಬಕ್ಕೆ ಒರಗಿ ನಿಂತು ನಿನ್ನ ಮಾತು ಕೇಳಿದವಳು ಅವಳು. ಅವಳ ಗಂಡ ಆವಲಪ್ಪ ನಂಗಲಿಯಲ್ಲಿ ಲಾರಿ ಓಡಿಸುತ್ತಿದ್ದ. ಹೋದ ವರ್ಷ ಘಾಟಿಯಲ್ಲಿ ಲಾರಿ ಉರುಳಿ ಕ್ಲೀನರ್ ಸತ್ತ ಮೇಲೆ ಮನೆಗೆ ಬಂದು ಕದ ಹಾಕಿಕೊಂಡವನು ಹೊರಗೆ ಬಂದಿಲ್ಲ. ಊರಿನವರು ಅವನನ್ನು ಅವನ ಪಾಡಿಗೆ ಬಿಟ್ಟಿದ್ದೇವೆ. ಹೊತ್ತೇರಿದ ಮೇಲೆ ಬಚ್ಚಮ್ಮ ನಮ್ಮ ಹಿತ್ತಿಲಿಗೆ ಬಂದಳು. ನನ್ನನ್ನು ನೋಡದೆ ಅಮ್ಮನನ್ನು ಕೇಳಿದಳು. "ಮುತ್ಯಾಲಕ್ಕಾ, ನಮ್ಮೋರು ಮೇವು ಬಿಟ್ಟವ್ರೆ. ನಾನೂ ನಿನ್ನಂಗೇ ಸುಮ್ನಿದ್ದೆ. ಇನ್ನೂ ಸುಮ್ನಿರ್ಬೇಕಾ?"

ಅಮ್ಮ ಆಗ ತಾನೆ ಬುಟ್ಟಿ ತುಂಬ ಸೊಪ್ಪು ಕತ್ತರಿಸಿಟ್ಟಿದ್ದಳು. ಅದನ್ನು ಅಲ್ಲೇ ಬಿಟ್ಟು ಎದ್ದಳು. ಹುಳುವಿನ ಮೇವಿನ ಹೊತ್ತಿನಲ್ಲಿ ಅವಳು ಮನೆ ಬಿಟ್ಟು ಹೋದದ್ದನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ನಾನು ಅವಳ ಹಿಂದೆಯೇ ಬೀದಿ ತಿರುವಿನವರೆಗೆ ಹೋದೆ. ಆವಲಪ್ಪನ ಬಾಗಿಲು ತಟ್ಟಿದಳು. ಒಳಗಿಂದ ಸದ್ದಿಲ್ಲ. ಮತ್ತೆ ತಟ್ಟಿದಳು. ಆಮೇಲೆ ಹೊಸಿಲ ಮೇಲೆ ಕೂತಳು, ಬೆನ್ನನ್ನು ಕದಕ್ಕೆ ಕೊಟ್ಟು.

"ಆವಲಪ್ಪಾ, ನಾನು ಮುತ್ಯಾಲಮ್ಮ. ಬಾಗ್ಲು ತೆಗೀಬೇಡ, ಇರ್ಲಿ ಬಿಡು. ಕೇಳಿಸ್ಕೋ ಸಾಕು" ಎಂದು ಶುರು ಮಾಡಿದಳು. ಏನು ಮಾತಾಡಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಸೊಪ್ಪಿನ ರೇಟು ಹೇಳಿದಳು. ನಮ್ಮ ಹಸು ಒದ್ದದ್ದು ಹೇಳಿದಳು. ನಿಮ್ಮ ಮಾವ ಟೊಮೇಟೊ ವ್ಯಾಪಾರದಲ್ಲಿ ಕೈ ಸುಟ್ಟುಕೊಂಡದ್ದನ್ನು, ನನ್ನ ಎದುರಿಗೇ, ಹೇಳಿದಳು. ಬಚ್ಚಮ್ಮ ಕಂಬ ಹಿಡಿದು ನಿಂತಿದ್ದಳು.

ಬಿಸಿಲು ಅಂಗಳ ದಾಟಿದೆ. ಬಾಗಿಲು ತೆಗೆದ ಸುದ್ದಿ ಇನ್ನೂ ಬಂದಿಲ್ಲ. ಅಮ್ಮನೂ ಬಂದಿಲ್ಲ. ಹುಳು ಹಸಿದಿವೆ, ಸೊಪ್ಪು ಹಾಕಲು ಮನೆಯಲ್ಲಿ ನಾನೊಬ್ಬಳೇ ಇದ್ದೇನೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಕ್ಕ,
ಅನಸೂಯ